ಒಬ್ಬ ಮತದಾರನಿಗೆ ಹೇಳಿದ್ದು ಎಲ್ಲರಿಗೂ ಕೇಳಲಿ: ರಾಜ್ಯ ಚುನಾವಣಾ ಆಯೋಗಕ್ಕೆ ಬಹಿರಂಗ ಪತ್ರ

ಮಾನ್ಯ ರಾಜ್ಯ ಚುನಾವಣಾ ಆಯುಕ್ತರಿಗೆ,

ನಮಸ್ಕಾರ.

ಬೆಂಗಳೂರಿನ ಐದು ನಗರ ಪಾಲಿಕೆಗಳ ಚುನಾವಣೆ ನಡೆಸುವ ಹೊಣೆ ನಿಮ್ಮದು. ಅದಕ್ಕೇ ಈ ಪತ್ರ ನಿಮಗೆ ಬರೆಯುತ್ತಿದ್ದೇನೆ. ಈ ನಗರದ ಜನ ಬಿಬಿಎಂಪಿಗೆ ಕಾರ್ಪೊರೇಟರ್‌ಗಳನ್ನು ಕೊನೆಯ ಸಲ ಆರಿಸಿದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ನಲ್ಲಿ ಅವರ ಅವಧಿ ಮುಗಿಯಿತು. ಆಮೇಲೆ ಪಾಲಿಕೆಯೇ ಹೋಳಾಯಿತು, ವಾರ್ಡ್‌ಗಳ ಗಡಿ ಬದಲಾಯಿತು. ಈ ನಡುವೆ ಮತ ಕೇಳುವ ರೀತಿಯೂ ಬಹಳ ಬದಲಾಗಿದೆ. 2015ರ ನಿಯಮಗಳನ್ನು ಹಿಡಿದುಕೊಂಡು ಈಗಿನ ಪ್ರಚಾರವನ್ನು ಕಾಯಲು ಆಗುವುದಿಲ್ಲ.

ನಾನು ಇದೇ ಊರಿನ ಒಂದು ಕಂಪನಿಯಲ್ಲಿ ಡೇಟಾ ಮಾಡೆಲ್ ಕಟ್ಟುವ ಕೆಲಸ ಮಾಡುತ್ತೇನೆ. ಯಾವ ಗ್ರಾಹಕ ನಮ್ಮನ್ನು ಬಿಟ್ಟು ಹೋಗಬಹುದು, ಯಾರಿಗೆ ರಿಯಾಯಿತಿ ಕೊಟ್ಟರೆ ಉಳಿಯುತ್ತಾರೆ, ಯಾರಿಗೆ ಕೊಟ್ಟರೂ ದಂಡ ಅಂತ ಲೆಕ್ಕ ಹಾಕುವುದು ನನ್ನ ಉದ್ಯೋಗ. ಇದೇ ಲೆಕ್ಕವನ್ನು ಪಕ್ಷದವರು ಮತದಾರರ ಮೇಲೂ ಹಾಕುತ್ತಾರೆ. ಲೆಕ್ಕ ಹಾಕುವುದನ್ನೇ ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ನನ್ನ ಕೋರಿಕೆ ಇಷ್ಟು: ಒಬ್ಬ ಅಭ್ಯರ್ಥಿ ಒಬ್ಬ ಮತದಾರನಿಗೆ ಕಳಿಸಿದ ಪ್ರಚಾರದ ಮಾತನ್ನು ಆ ವಾರ್ಡ್‌ನ ಉಳಿದವರೂ ನೋಡುವಂತೆ ಆಗಬೇಕು.

ಕಳೆದ ವಿಧಾನಸಭೆ ಚುನಾವಣೆಯಲ್ಲಿ ಇದನ್ನು ನಮ್ಮ ಮನೆಯಲ್ಲೇ ಕಂಡೆ. ಒಬ್ಬನೇ ಅಭ್ಯರ್ಥಿಯ ಕಡೆಯಿಂದ ಅಮ್ಮನಿಗೂ ನನಗೂ ಪ್ರಚಾರ ಬಂತು. ಅಮ್ಮನಿಗೆ ಬಂದ ಕರೆಯಲ್ಲಿ ದೇವಸ್ಥಾನದ ಜೀರ್ಣೋದ್ಧಾರದ ಮಾತು ಮಾತ್ರ. ನನಗೆ ಬಂದ ಮೆಸೇಜ್‌ನಲ್ಲಿ ಕೆರೆ, ಟ್ರಾಫಿಕ್ ಮತ್ತು ಮೆಟ್ರೊ. ಅಮ್ಮನನ್ನು ಹೆಸರು ಹಿಡಿದು ಮಾತಾಡಿಸಿದ್ದರು, ಬೂತ್ ನಂಬರ್ ಕೂಡ ಸರಿಯಾಗಿ ಹೇಳಿದ್ದರು. ಆದರೆ ಪ್ರಕಟವಾಗುವ ಮತದಾರರ ಪಟ್ಟಿಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಅಮ್ಮನ ನಂಬರ್ ಮತ್ತು ಅವರ ಬೂತ್ ಎರಡನ್ನೂ ಯಾರೋ ಎಲ್ಲೋ ಕೂತು ಜೋಡಿಸಿದ್ದಾರೆ. ಅಮ್ಮ ಯಾರಿಗೂ ಅನುಮತಿ ಕೊಟ್ಟಿರಲಿಲ್ಲ.

ಈ ಜೋಡಣೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಕಚೇರಿಯವರಿಗೆ ಗೊತ್ತಿರಬಹುದು. ಈ ಪತ್ರ ಓದುವ ಅಕ್ಕಪಕ್ಕದ ಮನೆಯವರಿಗೂ ಗೊತ್ತಾಗಲಿ.

ಬುನಾದಿ ಮತದಾರರ ಪಟ್ಟಿ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು, ಗಂಡೋ ಹೆಣ್ಣೋ ಅನ್ನುವುದು ಅದರಲ್ಲಿರುತ್ತದೆ. ಮಾನ್ಯತೆ ಪಡೆದ ಪಕ್ಷಗಳ ಅಭ್ಯರ್ಥಿಗಳಿಗೆ ಈ ಪಟ್ಟಿಯನ್ನು ಪುಕ್ಕಟೆ ಕೊಡಬೇಕು ಅಂತ ಪ್ರಜಾ ಪ್ರಾತಿನಿಧ್ಯ ಕಾಯ್ದೆಯಲ್ಲೇ ಇದೆ. ಎರಡನೆಯದು ಫಾರ್ಮ್ 20. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಯಾವ ಬೂತ್‌ನಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಅನ್ನುವುದು ಇದರಲ್ಲಿ ಸಿಗುತ್ತದೆ. ಒಂದು ಬೂತ್ ಅಂದರೆ ಸುಮಾರು ಸಾವಿರ ಮತದಾರರು. ಬೆಂಗಳೂರಿನಲ್ಲಿ ಅದು ಮೂರ್ನಾಲ್ಕು ಬೀದಿ, ಇಲ್ಲವೇ ಒಂದು ದೊಡ್ಡ ಅಪಾರ್ಟ್‌ಮೆಂಟ್. ಹಳೆಯ ಫಾರ್ಮ್ 20ಗಳನ್ನು ಒಟ್ಟು ಹಾಕಿದರೆ ಬೂತ್‌ಗಳಿಗೆ ಎ, ಬಿ, ಸಿ ಅಂತ ಗ್ರೇಡ್ ಬೀಳುತ್ತದೆ. ಎ ನಮ್ಮದು, ಸಿ ಅವರದು, ಬಿ ಯಾರ ಕಡೆಗಾದರೂ ವಾಲಬಹುದು. ಇಷ್ಟನ್ನು ಹಿಂದಿನ ಕಾರ್ಯಕರ್ತರೂ ನೋಟ್‌ಬುಕ್ ಇಟ್ಟುಕೊಂಡು ಮಾಡುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಮಾಡೆಲ್ ಶುರುವಾಗುವುದು ಇಲ್ಲಿಂದ ಮುಂದೆ. ಕೆಲವು ಸಾವಿರ ಜನರನ್ನು ಆರಿಸಿ ಸರ್ವೆ ಮಾಡುತ್ತಾರೆ. ಯಾರಿಗೆ ಹಾಕ್ತೀರಿ, ಯಾವ ಸಮಸ್ಯೆ ದೊಡ್ಡದು, ಕೊನೆಗೆ ಮೆಲ್ಲಗೆ ಜಾತಿ ಯಾವುದು, ಮನೆಮಾತು ಯಾವುದು. ಈ ಉತ್ತರಗಳಿಗೂ ವಯಸ್ಸು, ಬೀದಿ, ಹೆಸರು ಇವಕ್ಕೂ ಇರುವ ನಂಟನ್ನು ಕಂಪ್ಯೂಟರ್ ಕಲಿಯುತ್ತದೆ. ಆಮೇಲೆ ಸರ್ವೆಯಲ್ಲಿ ಇಲ್ಲದ ಲಕ್ಷಾಂತರ ಜನರಿಗೂ ಅದೇ ಸೂತ್ರ ಹಚ್ಚಿ ಅಂಕ ಕೊಡುತ್ತದೆ. ಇವರು ನಮಗೆ ಹಾಕ್ತಾರಾ ಅನ್ನುವುದಕ್ಕೆ ಒಂದು ಅಂಕ. ಬೂತ್‌ಗೆ ಬರ್ತಾರಾ ಅನ್ನುವುದಕ್ಕೆ ಇನ್ನೊಂದು. ಮಾತಾಡಿಸಿದರೆ ಮನಸ್ಸು ಬದಲಾಯಿಸ್ತಾರಾ ಅನ್ನುವುದಕ್ಕೆ ಮೂರನೆಯದು.

ಆ ಮೂರನೆಯ ಅಂಕವೇ ಮುಖ್ಯ. ಅದನ್ನು ಸರ್ವೆಯಿಂದ ಪಡೆಯಲು ಆಗುವುದಿಲ್ಲ, ಪ್ರಯೋಗ ಮಾಡಬೇಕು. ಒಂದೇ ಥರದ ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಕರೆ ಮಾಡುತ್ತಾರೆ. ಕೆಲವು ದಿನ ಬಿಟ್ಟು ಎರಡೂ ಗುಂಪನ್ನು ವಿಚಾರಿಸುತ್ತಾರೆ. ವ್ಯತ್ಯಾಸ ಯಾರಲ್ಲಿ ಜಾಸ್ತಿ ಬಂತೋ ಅಂಥವರ ಲಕ್ಷಣಗಳನ್ನು ಮಾಡೆಲ್ ಹಿಡಿದುಕೊಳ್ಳುತ್ತದೆ. ಅಮೆರಿಕದಲ್ಲಿ 2012ರ ಒಬಾಮಾ ಪ್ರಚಾರ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿತು. ಕೆಲವರಿಗೆ ಕರೆ ಮಾಡಿದರೆ ಉಪಯೋಗಕ್ಕಿಂತ ನಷ್ಟವೇ ಆಗುತ್ತದೆ, ಅವರು ಸಿಟ್ಟಾಗಿ ಎದುರು ಪಕ್ಷಕ್ಕೆ ಹೋಗುತ್ತಾರೆ ಅನ್ನುವುದೂ ಇಂಥ ಪ್ರಯೋಗಗಳಿಂದ ಗೊತ್ತಾಗುತ್ತದೆ. ಅಂಥವರನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಇದರ ಶಕ್ತಿ ಎಷ್ಟು? ಮಾರುವವರು ಹೇಳುವಷ್ಟು ಖಂಡಿತ ಇಲ್ಲ. 2018ರಲ್ಲಿ ಕೇಂಬ್ರಿಜ್ ಅನಲಿಟಿಕಾ ಅನ್ನುವ ಚುನಾವಣಾ ಸಲಹಾ ಕಂಪನಿಯ ಹಗರಣ ಹೊರಬಂದಾಗ ಇಡೀ ಜಗತ್ತು ಬೆಚ್ಚಿತು. ಒಂದು ಪರ್ಸನಾಲಿಟಿ ಕ್ವಿಜ್ ಆ್ಯಪ್ ಮೂಲಕ 8.7 ಕೋಟಿ ಜನರವರೆಗಿನ ಮಾಹಿತಿ ಅದರ ಕೈಗೆ ಹೋಗಿರಬಹುದು ಅಂತ ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಭಾರತದಲ್ಲಿ ಆ್ಯಪ್ ಹಾಕಿಕೊಂಡವರು 335 ಜನ. ಅವರ ಗೆಳೆಯರ ಪಟ್ಟಿಯ ಮೂಲಕ ಸಿಕ್ಕಿಬಿದ್ದವರು 5.6 ಲಕ್ಷ ಜನ ಇರಬಹುದು ಅಂತ ಲೆಕ್ಕ ಬಂತು. ಆದರೆ ಆ ಮಾಹಿತಿಯಿಂದ ಚುನಾವಣೆಯೇ ತಿರುಗಿತು ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಅದೇ ವರ್ಷ ಅಮೆರಿಕದ ರಾಜಕೀಯ ಶಾಸ್ತ್ರಜ್ಞರಾದ ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ 49 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಾರ್ವತ್ರಿಕ ಚುನಾವಣೆಯಲ್ಲಿ ಮನೆ ಬಾಗಿಲಿಗೆ ಹೋಗಿ, ಕರೆ ಮಾಡಿ, ಪತ್ರ ಹಾಕಿ ಮನಸ್ಸು ಬದಲಾಯಿಸುವ ಪ್ರಚಾರದ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಅನ್ನುವುದು ಅವರಿಗೆ ಸಿಕ್ಕ ಉತ್ತರ.

ಹಾಗಾದರೆ ಚಿಂತೆ ಯಾಕೆ? ಅದೇ ಅಧ್ಯಯನದಲ್ಲಿ ಒಂದು ಅಪವಾದವೂ ಕಂಡಿತು. ಅಭ್ಯರ್ಥಿಯ ನಿಲುವು ಜನರಿಗೆ ತೀರಾ ಹಿಡಿಸದಿದ್ದಾಗ, ಯಾರು ಬದಲಾಗಬಹುದು ಅಂತ ಪತ್ತೆ ಹಚ್ಚಲು ಪ್ರಚಾರದವರು ಜಾಸ್ತಿ ಖರ್ಚು ಮಾಡಿದ್ದರೆ, ಪರಿಣಾಮ ಸಿಕ್ಕಿತ್ತು. ಪತ್ತೆ ಹಚ್ಚುವ ಕೆಲಸವೇ ಮಾಡೆಲ್‌ನದು ಅಲ್ವಾ? ಇನ್ನು ಬೆಂಗಳೂರಿನ ಲೆಕ್ಕ ನೋಡಿ. 2023ರ ವಿಧಾನಸಭೆ ಚುನಾವಣೆಯಲ್ಲಿ ಜಯನಗರದ ಫಲಿತಾಂಶ ತೀರ್ಮಾನವಾಗಿದ್ದು 16 ಮತಗಳಲ್ಲಿ. ಗಾಂಧಿನಗರದಲ್ಲಿ 105 ಮತಗಳಲ್ಲಿ. ವಾರ್ಡ್ ಅಂದರೆ ಒಂದು ವಿಧಾನಸಭಾ ಕ್ಷೇತ್ರದ ಸಣ್ಣ ತುಂಡು. ಅಲ್ಲಿ ಒಂದು ಬೀದಿಯ ಮನಸ್ಸು ಬದಲಾದರೂ ಸಾಕು.

ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುವುದು ಬೇರೆ. ಮನಸ್ಸು ಬದಲಾಯಿಸುವುದು ಕಷ್ಟ, ಆದರೆ ಬೂತ್‌ಗೆ ಕರೆಸುವುದು ಅಷ್ಟು ಕಷ್ಟ ಅಲ್ಲ. 2006ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಒಂದು ಪ್ರಯೋಗ ನಡೆಯಿತು. ನಿಮ್ಮ ಅಕ್ಕಪಕ್ಕದವರು ಹಿಂದಿನ ಚುನಾವಣೆಗಳಲ್ಲಿ ಮತ ಹಾಕಿದ್ದಾರೋ ಇಲ್ಲವೋ ನೋಡಿ, ಈ ಸಲದ ಪಟ್ಟಿಯನ್ನೂ ಎಲ್ಲರಿಗೂ ಕಳಿಸುತ್ತೇವೆ ಅಂತ ಮನೆಗಳಿಗೆ ಪತ್ರ ಹಾಕಿದರು. ಪತ್ರ ಹೋಗದ ಮನೆಗಳಲ್ಲಿ ಶೇ 29.7ರಷ್ಟು ಜನ ಮತ ಹಾಕಿದ್ದರು, ಪತ್ರ ಹೋದ ಮನೆಗಳಲ್ಲಿ ಶೇ 37.8. ಒಂದೇ ಒಂದು ಪತ್ರದಿಂದ ಎಂಟು ಪಾಯಿಂಟ್ ಏರಿತು. 2010ರಲ್ಲಿ ಫೇಸ್‌ಬುಕ್ ಅಮೆರಿಕದ 6.1 ಕೋಟಿ ಬಳಕೆದಾರರಿಗೆ ಮತದಾನದ ದಿನ ಒಂದು ಸಂದೇಶ ತೋರಿಸಿತು. ಅದರಿಂದ ಸುಮಾರು 3.4 ಲಕ್ಷ ಮತ ಹೆಚ್ಚಾಗಿ ಬಿತ್ತು ಅಂತ ಆಮೇಲೆ ಲೆಕ್ಕ ಹಾಕಿದರು.

ಕರೆಸಬಲ್ಲವರು ತಡೆಯಲೂ ನೋಡಬಹುದು. 2020ರಲ್ಲಿ ಬ್ರಿಟನ್ನಿನ ಚಾನೆಲ್ 4 ಟಿವಿ ಒಂದು ವರದಿ ಮಾಡಿತು. 2016ರ ಟ್ರಂಪ್ ಪ್ರಚಾರ ಬಳಸಿದ್ದು ಅಂತ ಅವರು ಹೇಳಿದ ಡೇಟಾಬೇಸ್‌ನಲ್ಲಿ 35 ಲಕ್ಷ ಕಪ್ಪು ಅಮೆರಿಕನ್ನರ ಹೆಸರಿನ ಮುಂದೆ 'ಮತ ಹಾಕದಂತೆ ಮಾಡಬೇಕಾದವರು' ಅನ್ನುವ ಅರ್ಥದ ಗುರುತು ಇತ್ತು. ಆ ಪ್ರಚಾರದವರು ಆರೋಪವನ್ನು ಅಲ್ಲಗಳೆದರು. ಆದರೆ ಮಾಡೆಲ್ ಕಟ್ಟುವವನಾಗಿ ನನಗೆ ಆ ಅಪಾಯ ಚೆನ್ನಾಗಿ ಅರ್ಥವಾಗುತ್ತದೆ. ನಿಮಗೆ ಮತ ಹಾಕದ ಬೀದಿಯ ಜನರನ್ನು ಒಲಿಸುವುದಕ್ಕಿಂತ, ಎಲ್ಲರೂ ಕಳ್ಳರೇ, ಯಾರಿಗೆ ಹಾಕಿದರೂ ಅಷ್ಟೇ ಅಂತ ಬೇಸರ ಹುಟ್ಟಿಸಿ ಮನೆಯಲ್ಲಿ ಕೂರಿಸುವುದು ಅಗ್ಗ. ಬೆಂಗಳೂರಿನಲ್ಲಿ ಅರ್ಧದಷ್ಟು ಜನ ಮತ ಹಾಕಲು ಬರುವುದೇ ಇಲ್ಲ. ಇಲ್ಲಿ ಅದು ಇನ್ನೂ ಅಗ್ಗ. ಅಂಥ ಮೆಸೇಜ್ ಬಂದರೆ ಅದು ಆ ಬೀದಿಗೆ ಮಾತ್ರ ಬರುತ್ತದೆ. ಪಕ್ಕದ ಬೀದಿಯವರಿಗೆ, ಪತ್ರಕರ್ತರಿಗೆ, ನಿಮಗೆ ಯಾರಿಗೂ ಗೊತ್ತಾಗುವುದಿಲ್ಲ.

ಪಕ್ಷದವರು ಹೇಳಬಹುದು: ಮಹದೇವಪುರದಲ್ಲಿ ಟ್ಯಾಂಕರ್ ನೀರಿನ ಮಾತಾಡುತ್ತೇವೆ, ಚಾಮರಾಜಪೇಟೆಯಲ್ಲಿ ಅಲ್ಲಿನ ಸಮಸ್ಯೆ ಮಾತಾಡುತ್ತೇವೆ, ಇದರಲ್ಲೇನು ತಪ್ಪು? ಏನೂ ತಪ್ಪಿಲ್ಲ. ಆದರೆ ಫುಟ್‌ಪಾತ್ ವಿಷಯ ತೆಗೆದುಕೊಳ್ಳಿ. ಅದೇ ವಾರ್ಡ್‌ನ ಅಪಾರ್ಟ್‌ಮೆಂಟ್ ಗ್ರೂಪ್‌ಗೆ 'ತಳ್ಳುಗಾಡಿಗಳನ್ನು ಎತ್ತಿಸುತ್ತೇವೆ' ಅಂತ ಮೆಸೇಜ್ ಹೋಗುತ್ತದೆ ಅಂದುಕೊಳ್ಳಿ. ಅದೇ ದಿನ ತರಕಾರಿ ಮಾರುವವರಿಗೆ 'ನಿಮ್ಮ ಜಾಗಕ್ಕೆ ಕೈ ಹಾಕಲು ಯಾರನ್ನೂ ಬಿಡುವುದಿಲ್ಲ' ಅಂತ ಕರೆ ಹೋಗುತ್ತದೆ. ಎರಡೂ ಮಾತು ಒಬ್ಬನೇ ಅಭ್ಯರ್ಥಿಯದು. ಗಾಂಧಿ ಬಜಾರಿನಲ್ಲಿ ನಿಂತು ಮೈಕಿನಲ್ಲಿ ಮಾತಾಡಿದ್ದರೆ ಅವನು ಎರಡರಲ್ಲಿ ಒಂದನ್ನು ಆರಿಸಲೇಬೇಕಿತ್ತು. ಇಲ್ಲವೇ ಇಬ್ಬರಿಗೂ ಒಪ್ಪಿಗೆಯಾಗುವ ದಾರಿ ಹುಡುಕಬೇಕಿತ್ತು. ವಾರ್ಡ್ ರಾಜಕಾರಣದ ಕೆಲಸವೇ ಅದು. ಮಾಡೆಲ್ ಅವನನ್ನು ಆ ಕಷ್ಟದಿಂದ ಪಾರು ಮಾಡುತ್ತದೆ. ಗೆದ್ದ ಮೇಲೆ ಅದರ ಬೆಲೆ ಕೊಡುವವರು ಫುಟ್‌ಪಾತಿನವರು ಮತ್ತು ಅಪಾರ್ಟ್‌ಮೆಂಟಿನವರು, ಇಬ್ಬರೂ.

ಮಾಹಿತಿ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಈ ನಗರದಲ್ಲೇ ದೊಡ್ಡ ಪಾಠ ಇದೆ. 2022ರಲ್ಲಿ ಚಿಲುಮೆ ಅನ್ನುವ ಸಂಸ್ಥೆಗೆ ಮತದಾರರ ಜಾಗೃತಿ ಮಾಡಲು ಬಿಬಿಎಂಪಿ ಅನುಮತಿ ಕೊಟ್ಟಿತ್ತು, ಅದೂ ಉಚಿತ ಸೇವೆ ಅಂತ. ಅದರ ಸಿಬ್ಬಂದಿ ಬೂತ್ ಮಟ್ಟದ ಅಧಿಕಾರಿಗಳ ಗುರುತಿನ ಚೀಟಿ ಹಾಕಿಕೊಂಡು ಮನೆ ಮನೆಗೆ ಹೋಗಿ ಜಾತಿ, ಮನೆಮಾತು, ಉದ್ಯೋಗ, ಓದು ಎಲ್ಲ ಕೇಳಿದರು ಅನ್ನುವುದು ಆ ನವೆಂಬರ್‌ನಲ್ಲಿ ಹೊರಬಂದ ಆರೋಪ. ಪೊಲೀಸ್ ಕೇಸ್ ಆಯಿತು, ಕೆಲವರ ಬಂಧನ ಆಯಿತು. ಭಾರತ ಚುನಾವಣಾ ಆಯೋಗ ಇಬ್ಬರು ಐಎಎಸ್ ಅಧಿಕಾರಿಗಳ ಅಮಾನತಿಗೆ ಸೂಚಿಸಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಪಟ್ಟಿಗೆ ಸೇರಿದ, ಪಟ್ಟಿಯಿಂದ ಹೋದ ಹೆಸರುಗಳನ್ನೆಲ್ಲ ಮತ್ತೆ ಪರಿಶೀಲಿಸಲು ಹೇಳಿತು. ಆಗ ಎಲ್ಲರ ಗಮನ ಹೆಸರು ಅಳಿಸಿದ್ದಾರಾ ಅನ್ನುವುದರ ಮೇಲೆ ಇತ್ತು. ಅದು ಸರಿಯಾದ ಪ್ರಶ್ನೆಯೇ. ಆದರೆ ಯಾರನ್ನು ಹೆದರಿಸಿ ಕೇಳಿದರೂ ಸಿಗದ ಜಾತಿ, ಮನೆಮಾತಿನ ವಿವರವನ್ನು ಸರ್ಕಾರಿ ಚೀಟಿ ನೋಡಿ ಜನ ಕೈಯಾರೆ ಕೊಟ್ಟಿದ್ದರು. ಮಾಡೆಲ್ ಕಟ್ಟುವವರಿಗೆ ಅದಕ್ಕಿಂತ ಬೆಲೆಬಾಳುವುದು ಬೇರೆ ಇಲ್ಲ. ಕರ್ನಾಟಕದಲ್ಲಿ ಹೆಸರು ನೋಡಿ ಧರ್ಮ ಊಹಿಸಬಹುದು. ಜಾತಿಯನ್ನು ಅಷ್ಟು ಸುಲಭವಾಗಿ ಊಹಿಸಲು ಆಗುವುದಿಲ್ಲ, ಕೇಳಲೇಬೇಕು.

ಸರ್ಕಾರದ ಮಾಹಿತಿ ಮತ್ತು ಪ್ರಚಾರ ಬೆರೆಯುವುದು ಒಂದೇ ಪಕ್ಷದ ಕಥೆ ಅಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ 'ವಿಕಸಿತ ಭಾರತ ಸಂಪರ್ಕ' ಹೆಸರಿನ ವಾಟ್ಸಾಪ್ ಸಂದೇಶಗಳು ನೀತಿ ಸಂಹಿತೆ ಬಂದ ಮೇಲೂ ಜನರಿಗೆ ತಲುಪುತ್ತಿದ್ದವು. ಅವನ್ನು ನಿಲ್ಲಿಸಿ ಅಂತ ಚುನಾವಣಾ ಆಯೋಗ ಐಟಿ ಸಚಿವಾಲಯಕ್ಕೆ ಹೇಳಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ, ಸರ್ವೆ ನೆಪದಲ್ಲಿ ಮುಂದಿನ ಯೋಜನೆಗಳಿಗೆ ಮತದಾರರ ಹೆಸರು ನೋಂದಾಯಿಸಿಕೊಳ್ಳುವುದನ್ನು ಬಿಡಿ ಅಂತ ಎಲ್ಲ ಪಕ್ಷಗಳಿಗೂ ಎಚ್ಚರಿಸಿತು.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದವರು ನಮ್ಮ ಊರಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಬಂತು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅವುಗಳ ಮುಖ್ಯ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವಿದೆ. ಈ ಕಾಯ್ದೆಯಲ್ಲಿ ಜಾತಿ, ಧರ್ಮದಂಥ ಸೂಕ್ಷ್ಮ ಮಾಹಿತಿಗೆ ಪ್ರತ್ಯೇಕ ರಕ್ಷಣೆ ಇಲ್ಲ. ಕಾನೂನಿನ ಪ್ರಕಾರ ಸಾರ್ವಜನಿಕಗೊಳಿಸಿದ ಮಾಹಿತಿಗೆ ಕಾಯ್ದೆಯೇ ಅನ್ವಯಿಸುವುದಿಲ್ಲ. ಮತದಾರರ ಪಟ್ಟಿ ಅಂಥದ್ದೇ ಅಂತ ಪಕ್ಷಗಳು ವಾದಿಸಬಹುದು. ಹೀಗಾಗಿ ಇದನ್ನೊಂದನ್ನೇ ನಂಬಿ ಕೂತರೆ ಪಾಲಿಕೆ ಚುನಾವಣೆಯ ಹೊತ್ತಿಗೆ ನಮ್ಮ ಕೈಗೆ ಏನೂ ಸಿಗುವುದಿಲ್ಲ.

ಯುರೋಪಿನಲ್ಲಿ 2025ರ ಅಕ್ಟೋಬರ್ 10ರಿಂದ ಹೊಸ ನಿಯಮ ಜಾರಿಗೆ ಬಂದಿದೆ. ರಾಜಕೀಯ ಜಾಹೀರಾತನ್ನು ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾರನ್ನು ಗುರಿ ಮಾಡಿದರು ಅಂತ ತೋರಿಸಲೇಬೇಕು. ಜನಾಂಗ, ಧರ್ಮ, ರಾಜಕೀಯ ಒಲವಿನಂಥ ಮಾಹಿತಿ ಬಳಸಿ ಆನ್‌ಲೈನ್‌ನಲ್ಲಿ ಗುರಿ ಇಡುವಂತಿಲ್ಲ. ನಮ್ಮ ಕಾನೂನಿನಲ್ಲೂ ಇದಕ್ಕೆ ಬೇರು ಇದೆ. ಜಾತಿ, ಧರ್ಮ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ ಅಂತ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ ಹೇಳುತ್ತದೆ. ಅಭ್ಯರ್ಥಿಯ ಜಾತಿ ಮಾತ್ರವಲ್ಲ, ಮತದಾರನ ಜಾತಿಯನ್ನು ಮುಂದಿಟ್ಟರೂ ಅದು ಅನ್ವಯಿಸುತ್ತದೆ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ವೇದಿಕೆಯ ಮೇಲೆ ಹೇಳಿದರೆ ಯಾರಾದರೂ ವಿಡಿಯೊ ಮಾಡಿ ದೂರು ಕೊಡುತ್ತಾರೆ. ಫೋನಿನೊಳಗೆ ಹೇಳಿದರೆ ದೂರು ಕೊಡುವುದು ಯಾರು? ಮೆಟಾ ಮತ್ತು ಗೂಗಲ್ ತಮ್ಮ ರಾಜಕೀಯ ಜಾಹೀರಾತುಗಳನ್ನು ತೆರೆದಿಟ್ಟಿವೆ. ಆದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಹರಿಯುವುದು, ಬಲ್ಕ್ ಎಸ್‌ಎಂಎಸ್, ರೆಕಾರ್ಡ್ ಮಾಡಿದ ಕರೆ ಯಾವುದೂ ಅಲ್ಲಿ ಸಿಗುವುದಿಲ್ಲ. ವಾರ್ಡ್ ಪ್ರಚಾರ ಜಾಸ್ತಿ ನಡೆಯುವುದು ಇವುಗಳಲ್ಲೇ.

ಆದ್ದರಿಂದ ನಿಮ್ಮ ಅಧಿಕಾರದ ಮಿತಿಯಲ್ಲಿ ಇಷ್ಟು ಮಾಡಿ ಅಂತ ಕೇಳಿಕೊಳ್ಳುತ್ತೇನೆ. ಪಾಲಿಕೆ ಚುನಾವಣೆಯ ನೀತಿ ಸಂಹಿತೆಯ ಜೊತೆಗೆ ಒಂದು ಆದೇಶ ಹೊರಡಿಸಿ. ಅಭ್ಯರ್ಥಿ, ಪಕ್ಷ, ಅವರ ಪರವಾಗಿ ಕೆಲಸ ಮಾಡುವ ಏಜೆನ್ಸಿ ಸಾಮೂಹಿಕವಾಗಿ ಕಳಿಸುವ ಪ್ರತಿ ಮೆಸೇಜ್, ಪ್ರತಿ ರೆಕಾರ್ಡ್ ಕರೆಯ ಪ್ರತಿಯನ್ನು ಒಂದು ದಿನದೊಳಗೆ ನಿಮ್ಮ ವೆಬ್‌ಸೈಟಿಗೆ ಹಾಕಬೇಕು. ಒಂದೇ ಮೆಸೇಜಿನ ಹತ್ತು ರೂಪ ಇದ್ದರೆ ಹತ್ತೂ ಬೇಕು. ಯಾವ ಬೂತ್‌ಗಳಿಗೆ, ಎಂಥವರಿಗೆ ಕಳಿಸಿದ್ದು, ಖರ್ಚು ಎಷ್ಟು, ಫೋನ್ ನಂಬರ್‌ಗಳು ಎಲ್ಲಿಂದ ಬಂದವು ಅನ್ನುವುದೂ ಜೊತೆಗಿರಲಿ. ಮತದಾರ ತನ್ನ ವಾರ್ಡ್ ಹೆಸರು ಒತ್ತಿದರೆ ಎಲ್ಲವೂ ಕಾಣಬೇಕು. ಏಜೆನ್ಸಿಗೆ, ಸರ್ವೆಗೆ ಕೊಟ್ಟ ದುಡ್ಡು ಅಭ್ಯರ್ಥಿಯ ಲೆಕ್ಕಕ್ಕೆ ಬರಬೇಕು.

ವಾರ್ಡ್ ಮತದಾರರ ಪಟ್ಟಿಯನ್ನು ಪಕ್ಷಗಳಿಗೆ ಕೊಡುವಾಗ, ಹೆಸರಿನ ಮುಂದೆ ಜಾತಿ, ಧರ್ಮ ಬರೆದುಕೊಳ್ಳುವುದಿಲ್ಲ ಅಂತ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಮನೆಗೆ ಬರುವ ಸರ್ವೆಯವರು ಯಾರ ಪರವಾಗಿ ಬಂದಿದ್ದೇವೆ ಅಂತ ಮೊದಲ ಮಾತಿನಲ್ಲೇ ಹೇಳಬೇಕು. ಸರ್ಕಾರಿ ಗುರುತಿನ ಚೀಟಿಯನ್ನು ಖಾಸಗಿ ಸಂಸ್ಥೆಯವರ ಕೊರಳಿಗೆ ಯಾವ ಕಾರಣಕ್ಕೂ ಹಾಕಬೇಡಿ.

ಇನ್ನೊಂದು, ಬಹುಶಃ ಕಷ್ಟದ ಕೋರಿಕೆ. ಎಣಿಸುವ ಮುಂಚೆ ಬೂತ್‌ಗಳ ಮತಗಳನ್ನು ಬೆರೆಸಿ. ಮತಪತ್ರವಾದರೆ ಡಬ್ಬಿಗಳನ್ನು ಬೆರೆಸಬಹುದು. ಯಂತ್ರವಾದರೆ ಹಲವು ಬೂತ್‌ಗಳ ಮತವನ್ನು ಒಟ್ಟಿಗೆ ತೋರಿಸುವ ಟೋಟಲೈಸರ್ ಇದೆ. ಭಾರತ ಚುನಾವಣಾ ಆಯೋಗ ಅದನ್ನು 2008ರಲ್ಲೇ ಕೇಳಿತ್ತು. ಕಾನೂನು ಆಯೋಗ 2015ರಲ್ಲಿ ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಬೂತ್ ಲೆಕ್ಕ ಇದ್ದರೆ ಅಕ್ರಮ ಹಿಡಿಯಲು ಸುಲಭ ಅನ್ನುವ ವಾದ ಇದೆ, ಅದರಲ್ಲಿ ನಿಜವೂ ಇದೆ. ಹಾಗಾಗಿ ಬೂತ್ ಲೆಕ್ಕವನ್ನು ಸೀಲ್ ಮಾಡಿ ಇಟ್ಟು, ಕೋರ್ಟ್ ಕೇಳಿದರೆ ತೆರೆಯುವ ವ್ಯವಸ್ಥೆ ಮಾಡಬಹುದಾ ನೋಡಿ. ನಮ್ಮ ಬೀದಿ ಯಾರಿಗೆ ಹಾಕಿತು ಅಂತ ಕಾರ್ಪೊರೇಟರ್‌ಗೆ ಗೊತ್ತಾದರೆ ಚರಂಡಿ ರಿಪೇರಿ ಯಾವ ಬೀದಿಯಿಂದ ಶುರುವಾಗುತ್ತದೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು.

ಇದಕ್ಕೆಲ್ಲ ಕಾನೂನಿನ ಅಡ್ಡಿ ಇದ್ದರೆ ಯಾವುದು ಅಂತ ಬರಹದಲ್ಲಿ ಹೇಳಿ, ಶಾಸಕರ ಹತ್ತಿರ ನಾವು ಹೋಗುತ್ತೇವೆ. ಅಡ್ಡಿ ಇಲ್ಲದಿದ್ದರೆ ಕರಡು ಆದೇಶ ಪ್ರಕಟಿಸಿ, ಎಲ್ಲ ಪಕ್ಷಗಳಿಂದ ಆಕ್ಷೇಪಣೆ ಕರೆಯಿರಿ. ಮೆಸೇಜ್‌ಗಳನ್ನು ವಾರ್ಡ್ ಪ್ರಕಾರ ತೋರಿಸುವ ವೆಬ್‌ಸೈಟ್ ಕಟ್ಟುವುದು ದೊಡ್ಡ ಕೆಲಸ ಅಲ್ಲ. ಈ ಊರಿನಲ್ಲಿ ನನ್ನಂಥ ಕೆಲಸ ಮಾಡುವವರು ಬಹಳ ಜನ ಇದ್ದೇವೆ. ಕರೆದರೆ ಶನಿವಾರ, ಭಾನುವಾರ ನಿಮ್ಮ ಕಚೇರಿಗೇ ಬಂದು, ಸಂಬಳ ಇಲ್ಲದೆ ಕಟ್ಟಿಕೊಡುತ್ತೇವೆ. ಕೋಡ್ ಎಲ್ಲ ಪಕ್ಷದವರಿಗೂ ತೆರೆದೇ ಇರಲಿ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಮತದಾರ